ಪನಾಮಾ ಕಾಲುವೆ ಕಟ್ಟಿದ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪನಾಮಾ ಕಾಲುವೆ ಎಂದರೆ ಗುಡ್ಡ ಕಡಿದು ಎರಡು ಸಮುದ್ರಗಳನ್ನು ಸೇರಿಸಿದ ದೊಡ್ಡ ಕಂದಕ ಎಂದೇ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೆ ಕಂದಕ ತೋಡಲು ಹೋದವರು ಸೋತರು. ಗೆದ್ದವರು ನದಿಗೆ ಅಡ್ಡ ಕಟ್ಟೆ ಹಾಕಿದರು, ಕೆರೆ ಮಾಡಿದರು, ಹಡಗನ್ನು ಆ ಕೆರೆಗೆ ಎತ್ತಿ ಆಚೆ ಕಡೆ ಇಳಿಸಿದರು. ಕೆಳಗಿನ ಉತ್ತರಗಳಲ್ಲಿ ನದಿ, ಸೊಳ್ಳೆ, ಮಳೆ ಮತ್ತೆ ಮತ್ತೆ ಬರುತ್ತವೆ. ಯಾಕೆಂದರೆ ಅವುಗಳನ್ನು ಬಿಟ್ಟು ಈ ಕಥೆ ಹೇಳಲು ಆಗುವುದಿಲ್ಲ.

ಈ ಕಾಲುವೆ ಎಲ್ಲಿದೆ? ಎಷ್ಟು ಉದ್ದ?

ಉತ್ತರ ಅಮೆರಿಕ ಮತ್ತು ದಕ್ಷಿಣ ಅಮೆರಿಕ ಸೇರುವ ಕಡೆ ನೆಲ ಸೊಂಟದ ಹಾಗೆ ಸಣ್ಣದಾಗುತ್ತದೆ. ಅಲ್ಲಿರುವ ದೇಶ ಪನಾಮಾ. ಕಾಲುವೆಯ ಉದ್ದ ಸುಮಾರು 82 ಕಿಲೋಮೀಟರ್. ನಕ್ಷೆ ತೆಗೆದು ನೋಡಿ, ಒಂದು ವಿಚಿತ್ರ ಕಾಣುತ್ತದೆ. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ಹಡಗು ಪಶ್ಚಿಮಕ್ಕೆ ಹೋಗುವುದಿಲ್ಲ, ಆಗ್ನೇಯಕ್ಕೆ ಹೋಗುತ್ತದೆ. ಆ ಜಾಗದಲ್ಲಿ ನೆಲ ಅಡ್ಡಡ್ಡ ತಿರುಗಿಕೊಂಡಿರುವುದೇ ಇದಕ್ಕೆ ಕಾರಣ.

ಇದು ಯಾಕೆ ಬೇಕಾಯಿತು?

ನ್ಯೂಯಾರ್ಕ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹಡಗಿನಲ್ಲಿ ಹೋಗಬೇಕೆಂದರೆ ದಕ್ಷಿಣ ಅಮೆರಿಕದ ತುದಿ ಸುತ್ತಬೇಕಿತ್ತು. ಸುಮಾರು 20,900 ಕಿಲೋಮೀಟರ್, ಅದೂ ಬಿರುಗಾಳಿಗೆ ಹೆಸರಾದ ಕೇಪ್ ಹಾರ್ನ್ ದಾಟಿ. ಕಾಲುವೆ ಮೂಲಕ ಅದು ಸುಮಾರು 8,400ಕ್ಕೆ ಇಳಿಯಿತು.

ಆಸೆ ಮಾತ್ರ ಬಹಳ ಹಳೆಯದು. 1513ರಲ್ಲಿ ಸ್ಪೇನಿನ ಬಾಲ್ಬೋವಾ ಈ ಕಿರಿದಾದ ನೆಲ ದಾಟಿ ಆಚೆಯ ಸಮುದ್ರ ಕಂಡರು. 1534ರಲ್ಲೇ ಸ್ಪೇನಿನ ದೊರೆ ಇಲ್ಲಿ ಕಾಲುವೆ ಸಾಧ್ಯವೇ ನೋಡಿ ಎಂದು ಅಪ್ಪಣೆ ಕೊಟ್ಟಿದ್ದರು. 1849ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಹುಚ್ಚು ಶುರುವಾದ ಮೇಲೆ ಜನ ಪನಾಮಾದ ಕಾಡಿನಲ್ಲಿ ಹೇಸರಗತ್ತೆ, ದೋಣಿ ಹಿಡಿದು ದಾಟತೊಡಗಿದರು. 1855ರಲ್ಲಿ ಅಲ್ಲಿ ರೈಲು ಬಂತು. ಆ ರೈಲು ದಾರಿ ಹಾಕುವಾಗಲೇ ಸಾವಿರಾರು ಕೂಲಿಗಳು ಜ್ವರಕ್ಕೆ ಬಲಿಯಾದರು. ಅಂದರೆ ಕಾಲುವೆ ಶುರುವಾಗುವ ಮೊದಲೇ ಆ ನೆಲದ ಗುಣ ಏನೆಂದು ಗೊತ್ತಿತ್ತು.

ಮೊದಲು ಶುರು ಮಾಡಿದ್ದು ಫ್ರೆಂಚರಾ?

ಹೌದು. ಫರ್ಡಿನಾಂಡ್ ಡಿ ಲೆಸೆಪ್ಸ್ ಅವರ ಹೆಸರು ಕೇಳಿರಬಹುದು. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯ ಹಿಂದಿದ್ದವರು ಅವರೇ. ಅವರು ಎಂಜಿನಿಯರ್ ಅಲ್ಲ, ರಾಜತಾಂತ್ರಿಕರು. ಸೂಯೆಜ್ ಗೆದ್ದ ಮೇಲೆ ಫ್ರಾನ್ಸಿನಲ್ಲಿ ಅವರ ಮಾತಿಗೆ ಎದುರೇ ಇರಲಿಲ್ಲ. 1879ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಕರೆದರು. ಸೂಯೆಜ್‌ನಂತೆಯೇ ಸಮುದ್ರದ ಮಟ್ಟಕ್ಕೆ ನೇರವಾಗಿ ತೋಡುವುದು ಎಂದು ತೀರ್ಮಾನವಾಯಿತು. 1881ರಲ್ಲಿ ಕೆಲಸದವರು ಪನಾಮಾಕ್ಕೆ ಬಂದರು. 1889ರಲ್ಲಿ ಕಂಪನಿ ಮುಳುಗಿತು.

ಸೂಯೆಜ್‌ನಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ?

ಸೂಯೆಜ್ ಮರಳುಗಾಡು. ಸಮತಟ್ಟು ನೆಲ, ಮಳೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪನಾಮಾದಲ್ಲಿ ಎಲ್ಲವೂ ತಿರುವುಮುರುವು. ದಟ್ಟ ಕಾಡು, ವರ್ಷದಲ್ಲಿ ಎಂಟು ತಿಂಗಳು ಮಳೆ, ನಡುವೆ ಗುಡ್ಡದ ಸಾಲು. ಆ ಗುಡ್ಡವಾದರೂ ಗಟ್ಟಿ ಕಲ್ಲಾಗಿದ್ದರೆ ನೇರವಾಗಿ ಸೀಳಬಹುದಿತ್ತು. ಅದು ಕಲ್ಲು, ಜೇಡಿ, ಪುಡಿಯಾಗುವ ಶೇಲ್ ಎಂಬ ಮೆದು ಕಲ್ಲು ಎಲ್ಲ ಪದರ ಪದರವಾಗಿ ಕೂತ ಗುಡ್ಡ. ಮಳೆ ನೀರು ಒಳಗೆ ಇಳಿದರೆ ಸಾಕು, ಪದರಕ್ಕೆ ಪದರವೇ ಜಾರುತ್ತದೆ.

ಇದೆಲ್ಲಕ್ಕಿಂತ ದೊಡ್ಡ ತೊಡಕು ಚಾಗ್ರೆಸ್ ನದಿ. ಕಾಲುವೆಯ ದಾರಿಯನ್ನು ಅದು ಮತ್ತೆ ಮತ್ತೆ ಅಡ್ಡ ಹಾಯುತ್ತಿತ್ತು. ಬೇಸಿಗೆಯಲ್ಲಿ ಸಾಧು. ಮಳೆ ಹಿಡಿದರೆ ಒಂದೇ ದಿನದಲ್ಲಿ ಹತ್ತು ಮೀಟರ್‌ವರೆಗೂ ಏರುವ ನದಿ. ಸಮುದ್ರ ಮಟ್ಟಕ್ಕೆ ಕಾಲುವೆ ತೋಡಿದರೆ ಈ ನದಿ ಜಲಪಾತದ ಹಾಗೆ ಅದರೊಳಗೆ ಬೀಳುತ್ತದೆ ಅಲ್ವಾ? ಆ ನೀರನ್ನು ಏನು ಮಾಡುವುದು? ಈ ಪ್ರಶ್ನೆಗೆ ಡಿ ಲೆಸೆಪ್ಸ್ ಕಡೆಯವರು ಕೊನೆಯವರೆಗೂ ಸರಿಯಾದ ಉತ್ತರ ಕೊಡಲಿಲ್ಲ.

ಮೊದಲೇ ಯಾರೂ ಎಚ್ಚರಿಸಲಿಲ್ಲವಾ?

ಎಚ್ಚರಿಸಿದರು. ಇಡೀ ಕಥೆಯಲ್ಲಿ ನನಗೆ ತುಂಬಾ ಬೇಸರ ತರುವ ಭಾಗ ಇದೇ. 1879ರ ಅದೇ ಸಭೆಯಲ್ಲಿ ಗೊಡಾಂ ಡಿ ಲೆಪಿನೇ ಎಂಬ ಫ್ರೆಂಚ್ ಎಂಜಿನಿಯರ್ ಎದ್ದು ನಿಂತು ಬೇರೆ ದಾರಿ ಹೇಳಿದರು. ನದಿಯ ಜೊತೆ ಜಗಳ ಬೇಡ, ಅದಕ್ಕೇ ಅಣೆಕಟ್ಟು ಹಾಕಿ, ದೊಡ್ಡ ಕೆರೆ ಆಗಲಿ, ಹಡಗುಗಳನ್ನು ಲಾಕ್‌ಗಳ, ಅಂದರೆ ಬಾಗಿಲಿರುವ ನೀರಿನ ತೊಟ್ಟಿಗಳ, ಮೂಲಕ ಕೆರೆಗೆ ಏರಿಸಿ, ಇನ್ನೊಂದು ಕಡೆ ಇಳಿಸಿ ಎನ್ನುವುದು ಅವರ ಯೋಜನೆ. ತೋಡುವ ಕೆಲಸ ಕಡಿಮೆ, ಪ್ರವಾಹದ ಭಯವೂ ಇಲ್ಲ. ಅವರು ಬಿಸಿಲ ನಾಡುಗಳಲ್ಲಿ ಕೆಲಸ ಮಾಡಿ ಬಂದವರು, ಸುಮ್ನೆ ಕಾಗದದ ಮೇಲೆ ಗೆರೆ ಎಳೆದವರಲ್ಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲು ಶತಮಾನ ಕಳೆದ ಮೇಲೆ ಅಮೆರಿಕದವರು ಕಟ್ಟಿದ್ದು ಹೆಚ್ಚುಕಡಿಮೆ ಅದನ್ನೇ. ನಡುವೆ ಸತ್ತ ಜನರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಫ್ರೆಂಚರ ಕಾಲದಲ್ಲಿ ಎಷ್ಟು ಜನ ಸತ್ತರು?

ಸುಮಾರು 22,000 ಎನ್ನುವುದು ಎಲ್ಲರೂ ಒಪ್ಪುವ ಅಂದಾಜು. ಲೆಕ್ಕ ಯಾಕೆ ನಿಖರವಾಗಿಲ್ಲ ಎಂದರೆ, ಆಸ್ಪತ್ರೆಯಲ್ಲಿ ಸತ್ತವರು ಮಾತ್ರ ಪುಸ್ತಕಕ್ಕೆ ಬಂದರು. ಕೂಲಿಯವನನ್ನು ಆಸ್ಪತ್ರೆಗೆ ಸೇರಿಸಿದರೆ ಗುತ್ತಿಗೆದಾರ ದಿನಕ್ಕೆ ಒಂದು ಡಾಲರ್ ಕಟ್ಟಬೇಕಿತ್ತು. ಹಾಗಾಗಿ ಜ್ವರ ಬಂದವನನ್ನು ಎಷ್ಟೋ ಸಲ ಕೆಲಸದಿಂದ ತೆಗೆದು ಕೈತೊಳೆದುಕೊಳ್ಳುತ್ತಿದ್ದರು. ಅವನು ರಸ್ತೆ ಬದಿಯಲ್ಲೋ ಗುಡಿಸಲಲ್ಲೋ ಸಾಯುತ್ತಿದ್ದ.

ಮೇಲಿನವರನ್ನೂ ಜ್ವರ ಬಿಡಲಿಲ್ಲ. ಮುಖ್ಯ ಎಂಜಿನಿಯರ್ ಜೂಲ್ ಡಿಂಗ್ಲರ್ ತಮ್ಮ ಕುಟುಂಬವನ್ನು ಪನಾಮಾಕ್ಕೆ ಕರೆತಂದರು. ಮಗಳು, ಮಗ, ಮಗಳಿಗೆ ಗೊತ್ತಾಗಿದ್ದ ಹುಡುಗ, ಕೊನೆಗೆ ಹೆಂಡತಿ, ಎಲ್ಲರನ್ನೂ ಅಲ್ಲೇ ಮಣ್ಣು ಮಾಡಿದರು.

ಆಸ್ಪತ್ರೆಯಲ್ಲೇ ಸೊಳ್ಳೆ ಸಾಕಿದರು ಎನ್ನುವುದು ನಿಜವಾ?

ನಿಜ. ಆಂಕೋನ್ ಗುಡ್ಡದ ಮೇಲೆ ಫ್ರೆಂಚರು ಕಟ್ಟಿದ ಆಸ್ಪತ್ರೆ ಆ ಕಾಲಕ್ಕೆ ಬಹಳ ಚೆನ್ನಾಗಿತ್ತು. ಸುತ್ತ ಹೂತೋಟ. ಅಲ್ಲಿ ಎಲೆ ತಿನ್ನುವ ಇರುವೆಗಳ ಕಾಟ ವಿಪರೀತ. ಅದಕ್ಕೆ ಗಿಡಗಳ ಬುಡದ ಸುತ್ತ ನೀರಿನ ಬಟ್ಟಲು ಇಟ್ಟರು. ರೋಗಿಗಳ ಮಂಚದ ಕಾಲುಗಳನ್ನೂ ನೀರಿನ ತಟ್ಟೆಯಲ್ಲಿ ಇಟ್ಟರು. ನಮ್ಮ ಮನೆಗಳಲ್ಲಿ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುವುದಿಲ್ಲವೇ, ಅದೇ ಉಪಾಯ. ಇರುವೆ ಬರಲಿಲ್ಲ. ಆ ನಿಂತ ನೀರಿನಲ್ಲಿ ಸೊಳ್ಳೆ ಬೆಳೆದವು. ಕಿಟಕಿಗೆ ಜಾಲರಿ ಇಲ್ಲ. ಕಾಲು ಮುರಿದುಕೊಂಡು ಬಂದವನು ಹಳದಿ ಜ್ವರ ಹತ್ತಿಸಿಕೊಂಡು ಸಾಯುವ ಸ್ಥಿತಿ.

ಅವರನ್ನು ದೂರುವುದು ಸರಿಯಲ್ಲ. ಆಗ ಜ್ವರ ಬರುವುದು ಕೊಳೆತ ಗಾಳಿಯಿಂದ ಎಂದು ವೈದ್ಯರೇ ನಂಬಿದ್ದರು. ಕ್ಯೂಬಾದ ಕಾರ್ಲೋಸ್ ಫಿನ್ಲೇ 1881ರಲ್ಲೇ ಹಳದಿ ಜ್ವರಕ್ಕೆ ಸೊಳ್ಳೆ ಕಾರಣ ಎಂದರೂ ಯಾರೂ ನಂಬಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ತಂಡ ಪ್ರಯೋಗ ಮಾಡಿ ತೋರಿಸಿದ ಮೇಲೆ ಅದು ಖಚಿತವಾಯಿತು.

ಮಲೇರಿಯಾದ ಗುಟ್ಟು ಬಿಚ್ಚಿದ್ದು ನಮ್ಮ ಕಡೆ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡರು. ಅದಕ್ಕೂ ಮೊದಲು, 1883ರಲ್ಲಿ, ಅವರು ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೇನಾ ವೈದ್ಯರಾಗಿದ್ದರು. ನಿಂತ ನೀರು ಇಲ್ಲದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎನ್ನುವುದು ಅವರ ಗಮನಕ್ಕೆ ಬಂದದ್ದು ಇಲ್ಲೇ. ಇಪ್ಪತ್ತು ವರ್ಷದ ಮೇಲೆ ಪನಾಮಾವನ್ನು ಉಳಿಸಿದ್ದೂ ಇದೇ ತಿಳಿವಳಿಕೆ.

ಹಣ ಹಾಕಿದವರ ಗತಿ?

ಸುಮಾರು 8 ಲಕ್ಷ ಫ್ರೆಂಚ್ ಜನ ದುಡ್ಡು ಕಳೆದುಕೊಂಡರು. ಹೆಚ್ಚಿನವರು ಸಣ್ಣಪುಟ್ಟ ಉಳಿತಾಯದವರು. ಪತ್ರಿಕೆಗಳಿಗೂ ಸಂಸದರಿಗೂ ಲಂಚ ಹೋಗಿದ್ದು 1892ರಲ್ಲಿ ಹೊರಬಂತು. ಡಿ ಲೆಸೆಪ್ಸ್‌ಗೆ ಐದು ವರ್ಷದ ಶಿಕ್ಷೆಯಾಯಿತು. ಆಗ ಅವರಿಗೆ 87 ವಯಸ್ಸು, ಜೈಲಿಗೆ ಹೋಗಲಿಲ್ಲ. ಮಗ ಶಾರ್ಲ್ ಜೈಲಿನಲ್ಲಿ ಕೂತರು.

ಅಮೆರಿಕ ಇದರೊಳಗೆ ಹೇಗೆ ಬಂತು? ಅಂಚೆ ಚೀಟಿಯ ಕಥೆ ಏನು?

ಅಮೆರಿಕದವರಿಗೆ ಮೊದಲು ಇಷ್ಟವಿದ್ದದ್ದು ನಿಕರಾಗುವಾ ದೇಶದ ದಾರಿ. ಫ್ರೆಂಚ್ ಕಂಪನಿಯ ಹಳೆಯ ಎಂಜಿನಿಯರ್ ಫಿಲಿಪ್ ಬುನೋ ವಾರಿಯಾ ಹೇಗಾದರೂ ಪನಾಮಾವನ್ನೇ ಮಾರಬೇಕೆಂದು ಓಡಾಡುತ್ತಿದ್ದರು. 1902ರ ಮೇ ತಿಂಗಳಲ್ಲಿ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದು ಸುಮಾರು 30,000 ಜನ ಸತ್ತರು. ನಿಕರಾಗುವಾದಲ್ಲೂ ಜ್ವಾಲಾಮುಖಿಗಳಿವೆ, ಆ ದೇಶದ ಅಂಚೆ ಚೀಟಿಯ ಮೇಲೇ ಹೊಗೆಯಾಡುವ ಮೊಮೊಟೊಂಬೊ ಬೆಟ್ಟದ ಚಿತ್ರವಿತ್ತು. ಬುನೋ ವಾರಿಯಾ ಆ ಚೀಟಿಗಳನ್ನು ಹುಡುಕಿ ತಂದು ಒಬ್ಬೊಬ್ಬ ಸೆನೆಟರ್‌ಗೂ ಒಂದೊಂದು ಕಳಿಸಿದರು. ಸೆನೆಟ್ ಪನಾಮಾಕ್ಕೆ ಒಪ್ಪಿತು. ಬರೀ ಚೀಟಿಯಿಂದಲೇ ಆಯಿತು ಎನ್ನಲು ಆಗುವುದಿಲ್ಲ. ಪನಾಮಾದ ದಾರಿ ಚಿಕ್ಕದು, ರೈಲು ಮೊದಲೇ ಇತ್ತು, ಫ್ರೆಂಚರು ಅರೆಬರೆ ತೋಡಿದ್ದೂ 4 ಕೋಟಿ ಡಾಲರ್‌ಗೆ ಸಿಗುತ್ತಿತ್ತು.

ಮುಂದಿನದು ಅಷ್ಟು ಚೆಂದದ ಕಥೆಯಲ್ಲ. ಆಗ ಪನಾಮಾ ಕೊಲಂಬಿಯಾದ ಭಾಗ. 1903ರ ಆಗಸ್ಟ್‌ನಲ್ಲಿ ಕಾಲುವೆ ಕಟ್ಟಲು ಅಮೆರಿಕಕ್ಕೆ ಜಾಗ ಬಿಟ್ಟುಕೊಡುವ ಒಪ್ಪಂದವನ್ನು ಕೊಲಂಬಿಯಾದ ಸೆನೆಟ್ ತಿರಸ್ಕರಿಸಿತು. ನವೆಂಬರ್ 3ರಂದು ಪನಾಮಾ ಸ್ವತಂತ್ರ ಎಂದು ಘೋಷಿಸಿಕೊಂಡಿತು. ಹಿಂದಿನ ದಿನವೇ ಅಮೆರಿಕದ ಯುದ್ಧನೌಕೆ ನ್ಯಾಶ್‌ವಿಲ್ ಕೊಲೋನ್ ಬಂದರಿಗೆ ಬಂದು ನಿಂತಿತ್ತು. ದಂಗೆ ಅಡಗಿಸಲು ಬಂದ ಕೊಲಂಬಿಯಾದ ಸೇನಾಧಿಕಾರಿಗಳನ್ನು ರೈಲಿನವರು ಮರ್ಯಾದೆಯಿಂದ ಮೊದಲು ಕಳಿಸಿಕೊಟ್ಟು, ಸೈನಿಕರಿಗೆ ಬೋಗಿ ಇಲ್ಲ ಎಂದು ಹಿಂದೆಯೇ ಉಳಿಸಿದರು! ಅಧಿಕಾರಿಗಳು ಪನಾಮಾ ನಗರದಲ್ಲಿ ಇಳಿದ ಮೇಲೆ ಬಂಧನ.

ನವೆಂಬರ್ 18ರಂದು ಅಮೆರಿಕದ ಜೊತೆ ಒಪ್ಪಂದಕ್ಕೆ ಪನಾಮಾ ಪರವಾಗಿ ಸಹಿ ಹಾಕಿದ್ದು ಅದೇ ಬುನೋ ವಾರಿಯಾ, ಅಂದರೆ ಒಬ್ಬ ಫ್ರೆಂಚ್ ಪ್ರಜೆ. ಪನಾಮಾದ ಪ್ರತಿನಿಧಿಗಳು ವಾಷಿಂಗ್ಟನ್ ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಂದು ಕೋಟಿ ಡಾಲರ್ ಮತ್ತು ವರ್ಷಕ್ಕೆ ಎರಡೂವರೆ ಲಕ್ಷಕ್ಕೆ 16 ಕಿಲೋಮೀಟರ್ ಅಗಲದ ಪಟ್ಟಿ ಶಾಶ್ವತವಾಗಿ ಅಮೆರಿಕದ ಕೈಗೆ ಹೋಯಿತು. ಇದು ಅನ್ಯಾಯ ಎಂದು ಪನಾಮಾದವರು ಮುಂದೆ ಏಳು ದಶಕ ಹೇಳುತ್ತಲೇ ಬಂದರು. ಅವರ ಮಾತು ಸರಿ ಎಂದೇ ನನ್ನ ಅನಿಸಿಕೆ.

ಜ್ವರ ಹೇಗೆ ನಿಂತಿತು?

ವಿಲಿಯಂ ಗೋರ್ಗಸ್ ಎಂಬ ಸೇನಾ ವೈದ್ಯರಿಂದ. ಹವಾನಾ ನಗರದಲ್ಲಿ ಸೊಳ್ಳೆ ಹತೋಟಿ ಮಾಡಿ ಹಳದಿ ಜ್ವರ ಓಡಿಸಿದ್ದ ಅನುಭವ ಅವರಿಗಿತ್ತು. 1904ರಲ್ಲಿ ಪನಾಮಾಕ್ಕೆ ಬಂದಾಗ ಮೇಲಧಿಕಾರಿಗಳು ಸೊಳ್ಳೆಯ ಮಾತನ್ನು ಹುಚ್ಚು ಎಂದು ತಳ್ಳಿಹಾಕಿದರು, ಕೇಳಿದ ಸಾಮಾನು ಕೊಡಲಿಲ್ಲ. 1905ರಲ್ಲಿ ಹಳದಿ ಜ್ವರ ಎದ್ದಿತು. ಬಂದಿದ್ದ ಅಮೆರಿಕನ್ನರಲ್ಲಿ ಮುಕ್ಕಾಲು ಪಾಲು ಜನ ಹಡಗು ಹತ್ತಿ ಊರಿಗೆ ಓಡಿದರು.

ಆಮೇಲೆ ಬಂದ ಮುಖ್ಯ ಎಂಜಿನಿಯರ್ ಜಾನ್ ಸ್ಟೀವನ್ಸ್ ತೋಡುವುದನ್ನೇ ನಿಲ್ಲಿಸಿ, ಮೊದಲು ಆರೋಗ್ಯ, ಮನೆ, ಊಟ ಎಂದರು. ಗೋರ್ಗಸ್‌ಗೆ ಬೇಕಾದಷ್ಟು ಜನ, ಹಣ ಸಿಕ್ಕಿತು. ಮನೆ ಮನೆಗೂ ಗಂಧಕದ ಹೊಗೆ. ಕುಂಟೆ, ಚರಂಡಿಗಳ ಮೇಲೆ ಎಣ್ಣೆ. ಕಿಟಕಿಗಳಿಗೆ ಜಾಲರಿ. ಎಲ್ಲಕ್ಕಿಂತ ಮುಖ್ಯವಾದದ್ದು ನಲ್ಲಿ ನೀರು. ಜನ ಮಳೆ ನೀರನ್ನು ಪೀಪಾಯಿಗಳಲ್ಲಿ ಹಿಡಿದಿಡುತ್ತಿದ್ದರು, ಹಳದಿ ಜ್ವರದ ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ. ಪನಾಮಾ ನಗರಕ್ಕೂ ಕೊಲೋನ್‌ಗೂ ಕೊಳವೆ ನೀರು ಬಂದ ಮೇಲೆ ಪೀಪಾಯಿ ಬೇಕಾಗಲಿಲ್ಲ. 1905ರ ನವೆಂಬರ್ ಆದ ಮೇಲೆ ಪನಾಮಾ ನಗರದಲ್ಲಿ ಹಳದಿ ಜ್ವರದ ಸಾವು ಇಲ್ಲ. ಮಲೇರಿಯಾ ಪೂರ್ತಿ ಹೋಗಲಿಲ್ಲ, ಆದರೆ ತುಂಬಾ ಇಳಿಯಿತು.

ಡೆಂಗಿ ಬಂದಾಗ ಡ್ರಮ್ಮು, ಟೈರು, ಹೂಕುಂಡದ ತಟ್ಟೆ ನೋಡಿ ಎಂದು ಈಗ ನಮ್ಮ ಮನೆಗೆ ಬಂದು ಹೇಳುತ್ತಾರಲ್ಲ, ಅದೇ ಜಾತಿಯ ಸೊಳ್ಳೆ ಅದು.

ಕೆರೆ ಮತ್ತು ಲಾಕ್ ಎಂದು ಯಾವಾಗ ತೀರ್ಮಾನವಾಯಿತು?

1906ರಲ್ಲಿ, ಅದೂ ಕೂದಲೆಳೆಯಲ್ಲಿ. ತಜ್ಞರ ಮಂಡಳಿಯ 13 ಜನರಲ್ಲಿ 8 ಜನ ಮತ್ತೆ ಸಮುದ್ರ ಮಟ್ಟದ ಕಾಲುವೆಯನ್ನೇ ಬಯಸಿದ್ದರು! ಸ್ಟೀವನ್ಸ್ ಮಾತ್ರ ಚಾಗ್ರೆಸ್ ಉಕ್ಕಿದ್ದನ್ನು ಕಣ್ಣಾರೆ ಕಂಡವರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರಿಗೂ ಸೆನೆಟರ್‌ಗಳಿಗೂ ಕೂತು ವಿವರಿಸಿದರು. ಜೂನ್ ತಿಂಗಳಲ್ಲಿ ಸೆನೆಟ್ 36-31 ಮತಗಳಿಂದ ಲಾಕ್ ಕಾಲುವೆಗೆ ಒಪ್ಪಿತು. ಮೂರು ಮತ ಆಚೀಚೆ ಆಗಿದ್ದರೆ ಇನ್ನೊಂದು ಸೋಲು ನೋಡಬೇಕಿತ್ತೋ ಏನೋ.

ಸ್ಟೀವನ್ಸ್ 1907ರಲ್ಲಿ ಬಿಟ್ಟುಹೋದರು. ಕೊನೆಯವರೆಗೂ ನಿಂತು ಮುಗಿಸಿದವರು ಸೇನೆಯ ಎಂಜಿನಿಯರ್ ಜಾರ್ಜ್ ಗೋಥಲ್ಸ್.

ಲಾಕ್ ಎಂದರೇನು? ಹಡಗನ್ನು ಮೇಲೆತ್ತಲು ಪಂಪ್ ಬಳಸುತ್ತಾರಾ?

ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ದೊಡ್ಡ ಕಾಂಕ್ರೀಟ್ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ಮೇಲಿನ ಕೆರೆಯಿಂದ ತೂಬು ತೆಗೆಯುತ್ತಾರೆ. ನೀರು ತೊಟ್ಟಿಯ ತಳದಿಂದ ತುಂಬುತ್ತದೆ, ಹಡಗು ತಾನಾಗಿ ಮೇಲೆ ಬರುತ್ತದೆ. ಮೇಲಿನ ನೀರಿಗೆ ಸಮವಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಪಂಪ್ ಒಂದೂ ಇಲ್ಲ. ಕೆರೆ ಎತ್ತರದಲ್ಲಿದೆ, ನೀರು ಕೆಳಕ್ಕೆ ಹರಿಯುತ್ತದೆ, ಅಷ್ಟೇ. ಕೆರೆ ತೂಬಿನಿಂದ ಗದ್ದೆಗೆ ನೀರು ಬಿಟ್ಟು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಟ್ಲಾಂಟಿಕ್ ಕಡೆ ಗಾಟೂನ್‌ನಲ್ಲಿ ಮೂರು ಮೆಟ್ಟಿಲು. ಪೆಸಿಫಿಕ್ ಕಡೆ ಪೆಡ್ರೊ ಮಿಗೆಲ್‌ನಲ್ಲಿ ಒಂದು, ಮಿರಾಫ್ಲೋರೆಸ್‌ನಲ್ಲಿ ಎರಡು. ನಡುವೆ ಇರುವ ಗಾಟೂನ್ ಕೆರೆ ಸಮುದ್ರಕ್ಕಿಂತ 26 ಮೀಟರ್ ಎತ್ತರದಲ್ಲಿದೆ. ಒಂದೊಂದು ತೊಟ್ಟಿಯೂ 305 ಮೀಟರ್ ಉದ್ದ, 33.5 ಮೀಟರ್ ಅಗಲ. ಬಾಗಿಲುಗಳು ಎರಡು ಮೀಟರ್ ದಪ್ಪದ ಉಕ್ಕಿನವು. ಆದರೆ ಒಳಗೆ ಟೊಳ್ಳು, ಹಾಗಾಗಿ ನೀರಿನಲ್ಲಿ ಅರೆ ತೇಲುತ್ತವೆ, ಸಣ್ಣ ಮೋಟಾರಿಗೇ ತಿರುಗುತ್ತವೆ. ನೂರು ವರ್ಷ ದಾಟಿದರೂ ಈ ಲಾಕ್‌ಗಳು ಕೆಲಸ ಮಾಡುತ್ತಿವೆ. ಕಟ್ಟಿದವರ ಕೈಗೆ ಮುಗಿಯಬೇಕು ಅನಿಸುತ್ತದೆ.

ಹಾಗಾದರೆ ಗುಡ್ಡ ಕಡಿಯಲೇ ಇಲ್ಲವಾ?

ಕಡಿದರು, ಮತ್ತು ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಕೆರೆಯಿಂದ ಪೆಸಿಫಿಕ್ ಕಡೆಗೆ ಹೋಗಲು ಕುಲೆಬ್ರಾ ಗುಡ್ಡವನ್ನು ಸುಮಾರು 13 ಕಿಲೋಮೀಟರ್ ಉದ್ದಕ್ಕೆ ಸೀಳಬೇಕಿತ್ತು. ಸ್ಪ್ಯಾನಿಷ್‌ನಲ್ಲಿ ಕುಲೆಬ್ರಾ ಎಂದರೆ ಹಾವು. ಹಬೆಯಿಂದ ಓಡುವ ದೊಡ್ಡ ಸಲಿಕೆ ಯಂತ್ರಗಳು ಅಗೆದು ಅಗೆದು ರೈಲು ತುಂಬುತ್ತಿದ್ದವು. ಸ್ಟೀವನ್ಸ್ ರೈಲ್ವೆಯಿಂದ ಬಂದವರು. ಇದು ಅಗೆಯುವ ಸಮಸ್ಯೆ ಅಲ್ಲ, ಅಗೆದ ಮಣ್ಣನ್ನು ಸಾಗಿಸುವ ಸಮಸ್ಯೆ ಎಂದು ಮೊದಲು ಹಿಡಿದವರು ಅವರು. ಫ್ರೆಂಚರು ಎಡವಿದ್ದು ಇಲ್ಲೂ ಕೂಡ.

ಗುಡ್ಡ ಮಾತ್ರ ಸುಮ್ಮನೆ ಕೂರಲಿಲ್ಲ. ತಿಂಗಳುಗಟ್ಟಲೆ ಅಗೆದದ್ದು ಒಂದು ರಾತ್ರಿಯ ಮಳೆಗೆ ಕುಸಿದು ಮತ್ತೆ ತುಂಬುತ್ತಿತ್ತು. ಹಳಿ, ಯಂತ್ರ ಎಲ್ಲ ಮಣ್ಣಿನಡಿ. ಕುಕರಾಚಾ ಎಂಬ ಜಾಗದ ಕುಸಿತ 1907ರಲ್ಲೂ ಕಾಡಿತು, 1913ರಲ್ಲೂ ಕಾಡಿತು. ಕಡಿದಾಗಿ ಸೀಳಿದರೆ ನಿಲ್ಲುವುದಿಲ್ಲ ಎಂದು ಇಳಿಜಾರು ಮಾಡುತ್ತಾ ಹೋದರು. ಮೇಲ್ಭಾಗದಲ್ಲಿ ಸುಮಾರು 200 ಮೀಟರ್ ಅಗಲ ಸಾಕು ಅಂದುಕೊಂಡದ್ದು ಕೆಲವು ಕಡೆ 540 ಮೀಟರ್‌ವರೆಗೂ ಹೋಯಿತು. ಇಷ್ಟಾದರೂ ಕಡಿದ ತಳ ಸಮುದ್ರ ಮಟ್ಟಕ್ಕಿಂತ 12 ಮೀಟರ್ ಮೇಲೇ ಇದೆ. ಸಮುದ್ರ ಮಟ್ಟದ ಕಾಲುವೆ ಆಗಿದ್ದರೆ ಅಲ್ಲಿಂದ ಇನ್ನೂ ಎಷ್ಟು ಕೆಳಗೆ ಹೋಗಬೇಕಿತ್ತು, ಯೋಚಿಸಿ.

ಕೆಲಸ ಮಾಡಿದವರು ಯಾರು?

ಚಿತ್ರಗಳಲ್ಲಿ ಬಿಳಿ ಟೋಪಿಯ ಅಮೆರಿಕನ್ ಎಂಜಿನಿಯರ್‌ಗಳು ಕಾಣುತ್ತಾರೆ. ಗುದ್ದಲಿ ಹಿಡಿದವರಲ್ಲಿ, ಡೈನಮೈಟ್ ಹೊತ್ತವರಲ್ಲಿ ಹೆಚ್ಚಿನವರು ಕೆರಿಬಿಯನ್ ದ್ವೀಪಗಳ ಕಪ್ಪು ಜನ. ಬಾರ್ಬಡೋಸ್ ಎಂಬ ಪುಟ್ಟ ದ್ವೀಪದಿಂದಲೇ ಸುಮಾರು 20,000 ಗಂಡಸರು ಕರಾರು ಮಾಡಿಕೊಂಡು ಬಂದರು. ಗಂಟೆಗೆ 10 ಸೆಂಟ್ ಕೂಲಿ. ಸ್ಪೇನ್, ಇಟಲಿ, ಗ್ರೀಸ್‌ನಿಂದಲೂ ಜನ ಬಂದಿದ್ದರು.

ಸಂಬಳದ ಪುಸ್ತಕ ಎರಡು. ಬಿಳಿಯ ಅಮೆರಿಕನ್ನರಿಗೆ ಚಿನ್ನದ ಪಟ್ಟಿ, ಉಳಿದವರಿಗೆ ಬೆಳ್ಳಿಯ ಪಟ್ಟಿ. ಅಂಚೆ ಕಚೇರಿಯ ಕಿಟಕಿ, ಅಂಗಡಿ, ಶಾಲೆ, ಆಸ್ಪತ್ರೆ ವಾರ್ಡು, ಎಲ್ಲವೂ ಚಿನ್ನ ಮತ್ತು ಬೆಳ್ಳಿ ಎಂದು ಬೇರೆ ಬೇರೆ. ಒಳ್ಳೆಯ ಜಾಲರಿ ಮನೆ ಸಿಕ್ಕಿದ್ದು ಚಿನ್ನದವರಿಗೆ. ಬೆಳ್ಳಿಯವರು ಕಿಕ್ಕಿರಿದ ಶೆಡ್‌ಗಳಲ್ಲಿ ಒದ್ದೆ ಬಟ್ಟೆಯಲ್ಲೇ ಮಲಗಿ ನ್ಯುಮೋನಿಯಾದಿಂದ ಸತ್ತರು. 1908ರ ಡಿಸೆಂಬರ್‌ನಲ್ಲಿ ಬಾಸ್ ಒಬಿಸ್ಪೊ ಎಂಬಲ್ಲಿ 22 ಟನ್ ಡೈನಮೈಟ್ ಹೊತ್ತಿಗೆ ಮೊದಲೇ ಸಿಡಿದು 23 ಜನ ಹೋದರು. ಅಮೆರಿಕದ ಕಾಲದ ಅಧಿಕೃತ ಲೆಕ್ಕ 5,609 ಸಾವು. ಅದರಲ್ಲಿ ಸುಮಾರು 4,500 ಜನ ಈ ಕಪ್ಪು ಕೂಲಿಗಳು.

1963ರಲ್ಲಿ, ಬದುಕಿದ್ದ ಮುದುಕರಿಗೆ ನಿಮ್ಮ ನೆನಪು ಬರೆದು ಕಳಿಸಿ ಎಂದು ಒಂದು ಸ್ಪರ್ಧೆ ಇಟ್ಟರು. ಆ ಪತ್ರಗಳು ಉಳಿದಿವೆ. ಕಾಲುವೆಯನ್ನು ಕೆಳಗೆ ನಿಂತು ಕಂಡವರ ಮಾತು ಸಿಗುವುದು ಅಲ್ಲಿ.

ಕೆರೆ ಮಾಡಿದಾಗ ಊರುಗಳು ಮುಳುಗಲಿಲ್ಲವಾ?

ಮುಳುಗಿದವು. ಗಾಟೂನ್ ಕೆರೆ ಸುಮಾರು 425 ಚದರ ಕಿಲೋಮೀಟರ್. ಆಗ ಅದು ಮನುಷ್ಯ ಮಾಡಿದ ಕೆರೆಗಳಲ್ಲಿ ಲೋಕಕ್ಕೇ ದೊಡ್ಡದು. ಹಳೆಯ ರೈಲು ದಾರಿಯ ಪಕ್ಕದ ಎಷ್ಟೋ ಊರುಗಳನ್ನು ಎಬ್ಬಿಸಿದರು. ನೀರಿಗೆ ಸಿಗದ ಊರುಗಳನ್ನೂ ಖಾಲಿ ಮಾಡಿಸಿದರು. ಗುಡ್ಡದ ತುದಿಗಳು ದ್ವೀಪಗಳಾದವು. ಬಾರೊ ಕೊಲೊರಾಡೊ ಎಂಬ ಅಂಥ ಒಂದು ದ್ವೀಪದಲ್ಲಿ ಕಾಡಿನ ಅಧ್ಯಯನ 1923ರಿಂದ ನಡೆಯುತ್ತಿದೆ.

ಯಾವಾಗ ತೆರೆಯಿತು? ಎಷ್ಟು ಖರ್ಚಾಯಿತು?

1914ರ ಆಗಸ್ಟ್ 15ರಂದು ಆಂಕೋನ್ ಎಂಬ ಹಡಗು ದಾಟಿತು. ದೊಡ್ಡ ಹಬ್ಬ ಮಾಡಬೇಕೆಂದಿದ್ದರು, ಅಷ್ಟರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಶುರುವಾಗಿತ್ತು, ಪತ್ರಿಕೆಗಳ ಮುಖಪುಟದಲ್ಲಿ ಜಾಗವೇ ಸಿಗಲಿಲ್ಲ. ಅಮೆರಿಕಕ್ಕೆ ಆದ ಖರ್ಚು ಸುಮಾರು 37.5 ಕೋಟಿ ಡಾಲರ್.

ಈಗ ಕಾಲುವೆ ಯಾರದ್ದು?

ಪನಾಮಾದ್ದು. 1964ರ ಜನವರಿ 9ರಂದು ಅಮೆರಿಕದ ಕೈಯಲ್ಲಿದ್ದ ಆ ಪಟ್ಟಿಯೊಳಗೆ ತಮ್ಮ ಧ್ವಜ ಹಾರಿಸಲು ಹೋದ ಪನಾಮಾದ ವಿದ್ಯಾರ್ಥಿಗಳಿಂದ ಶುರುವಾದ ಗಲಭೆಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಆ ದಿನವನ್ನು ಅಲ್ಲಿ ಹುತಾತ್ಮರ ದಿನ ಎಂದು ಆಚರಿಸುತ್ತಾರೆ. 1977ರಲ್ಲಿ ಪನಾಮಾದ ನಾಯಕ ಟೊರಿಹೋಸ್ ಮತ್ತು ಅಮೆರಿಕದ ಅಧ್ಯಕ್ಷ ಕಾರ್ಟರ್ ಕಾಲುವೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. 1999ರ ಡಿಸೆಂಬರ್ 31ರಂದು ಪೂರ್ತಿ ಪನಾಮಾದ ಕೈಗೆ ಬಂತು. 2016ರಲ್ಲಿ ಅವರೇ ಇನ್ನೂ ದೊಡ್ಡ ಲಾಕ್‌ಗಳನ್ನು ಕಟ್ಟಿ ತೆರೆದರು. 427 ಮೀಟರ್ ಉದ್ದ, 55 ಮೀಟರ್ ಅಗಲ, ಪಕ್ಕದಲ್ಲಿ ನೀರು ಉಳಿಸಿ ಮತ್ತೆ ಬಳಸುವ ತೊಟ್ಟಿಗಳು.

ಮಳೆ ಬಾರದಿದ್ದರೆ ಏನಾಗುತ್ತದೆ?

ಹಡಗು ನಿಲ್ಲುತ್ತದೆ. ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರುತ್ತದೆ. ಪನಾಮಾ ನಗರಕ್ಕೆ, ಕೊಲೋನ್‌ಗೆ ಕುಡಿಯಲು ಕೊಡುವುದೂ ಇದೇ ನೀರಿನ ಪಾಲಿನಿಂದ. 2023ರಲ್ಲಿ ಮಳೆ ಕೈಕೊಟ್ಟಿತು. ದಿನಕ್ಕೆ 36ರ ಆಸುಪಾಸು ದಾಟುತ್ತಿದ್ದ ಹಡಗುಗಳನ್ನು ಡಿಸೆಂಬರ್ ಹೊತ್ತಿಗೆ 22ಕ್ಕೆ ಇಳಿಸಿದರು. ಸರದಿ ತಪ್ಪಿಸಿಕೊಂಡು ಮುಂದೆ ಹೋಗಲು ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರ್ ಕೊಟ್ಟವರೂ ಇದ್ದರು.

ಈಗ ಪಕ್ಕದ ಇಂಡಿಯೊ ನದಿಗೆ ಅಣೆಕಟ್ಟು ಹಾಕಿ, ಆ ನೀರನ್ನು ಸುರಂಗದಲ್ಲಿ ಗಾಟೂನ್ ಕೆರೆಗೆ ತರುವ ಯೋಜನೆ ಇದೆ. ಆ ಕಣಿವೆಯಲ್ಲಿ ರೈತರ ಊರುಗಳಿವೆ. ಮುಳುಗಡೆ ಬೇಡ ಎಂದು ಅವರು ಬೀದಿಗೆ ಇಳಿದಿದ್ದಾರೆ, ದೋಣಿಗಳಲ್ಲಿ ನದಿಗೂ ಇಳಿದಿದ್ದಾರೆ.